ಒಗೆಯುವ ಕಲ್ಲು ಹೊತ್ತ ಗಾಡಿ

ಬೆಳಗಿನ ಜಾವ ಗಾಡಿ ಶುರು ಮಾಡುವ ಮೊದಲು ಹುಲಗಪ್ಪ ಒಂದು ಕೆಲಸವನ್ನು ಎಂದೂ ತಪ್ಪಿಸಿದವನಲ್ಲ. ಹೆಂಡತಿ ಮೋನಮ್ಮ ಹೊಳೆಯಿಂದ ತಂದಿಟ್ಟ ತಂಬಿಗೆಯಲ್ಲಿ ಬೆರಳದ್ದಿ, ಮುಂದಿನ ಬಲಗಾಲಿಗೆ ನೀರು ಚಿಮುಕಿಸಿ, ಅದೇ ಒದ್ದೆ ಕೈಯನ್ನು ಹಣೆಗೆ ಮುಟ್ಟಿಸಿಕೊಂಡು, "ಮೋನಪ್ಪಯ್ಯ, ದಂಡಿ ಮುಟ್ಟಸಪ್ಪ" ಅನ್ನುತ್ತಾನೆ. ಆಮೇಲೆ ಚಾವಿ ತಿರುವುತ್ತಾನೆ. ಗಾಲಿಯ ಮೇಲಿನ ನೀರು ಆರುವ ತನಕ ಎಂಜಿನ್ ನಿಂತಲ್ಲೇ ಗುರುಗುಟ್ಟುತ್ತಿರಬೇಕು. ಹೊರಡುವ ಅವಸರ ಎಷ್ಟೇ ಇರಲಿ, ಅದು ಆರದೆ ಗೇರು ಬೀಳುವುದಿಲ್ಲ.

ನಾರಾಯಣಪುರದ ಮೀನಿನ ಕಟ್ಟೆಯಲ್ಲಿ ಇದೊಂದು ನಗೆಯ ಮಾತಾಗಿತ್ತು. ಗಾಡಿ ಓಡುವುದು ಡಾಂಬರಿನ ಮೇಲೆ, ಇವನು ಬೇಡುವುದು ದಂಡೆ. ಆದರೆ ಆ ಮಾತು ಅವನದಲ್ಲ, ಅವನ ಅಪ್ಪನದು. ಅಪ್ಪ ಕೃಷ್ಣೆಯ ಮೇಲೆ ಹರಗೋಲು ಹಾಕುತ್ತಿದ್ದವನು. ಜನರನ್ನು, ಆಡುಗಳನ್ನು, ಮದುವೆಯ ದಿಬ್ಬಣಗಳನ್ನು ಆ ದಂಡೆಯಿಂದ ಈ ದಂಡೆಗೆ ದಾಟಿಸುವಾಗ, ಹುಟ್ಟು ನೀರಿಗೆ ಹಾಕುವ ಮೊದಲು ಹೊಳೆದಂಡೆಯ ತಿಂಥಣಿಯ ದೇವರು ಮೋನಪ್ಪಯ್ಯನನ್ನು ಹೀಗೆಯೇ ನೆನೆಯುತ್ತಿದ್ದ. ಅಣೆಕಟ್ಟು ಬಂತು, ಸೇತುವೆ ಬಂತು, ಹರಗೋಲಿನ ಕೆಲಸ ಹೋಯಿತು. ಹುಲಗಪ್ಪ ಕಾಲುವೆ ತೋಡುವ ಕೆಲಸಕ್ಕೆ ಬುಟ್ಟಿ ಹೊತ್ತ, ಮಣ್ಣಿನ ಟಿಪ್ಪರಿನಲ್ಲಿ ಕ್ಲೀನರಾದ, ಅಲ್ಲಿಯೇ ಸ್ಟೇರಿಂಗು ಹಿಡಿಯುವುದನ್ನು ಕಲಿತ. ಕಾಲುವೆಗೆ ನೀರು ಬಿಟ್ಟ ಮೇಲೆ ಟಿಪ್ಪರುಗಳು ಬೇರೆ ಊರಿಗೆ ಹೋದವು. ಇವನು ಹೊಳೆ ಬಿಟ್ಟು ಎಲ್ಲಿಗೆ ಹೋದಾನು? ಹಳೆಯದೊಂದು ಡೀಸೆಲ್ ಪಿಕಪ್ ಹಿಡಿದು ಮೀನು ಸಾಗಿಸುವುದಕ್ಕೆ ನಿಂತ.

ಮೀನು ಸಾಗಿಸುವವರಿಗೆ ಎಲ್ಲಕ್ಕಿಂತ ದೊಡ್ಡದು ಮೊದಲ ಪಾಳಿ. ಮುಂಜಾನೆ ಕಟ್ಟೆಗೆ ಬಂದ ಮೊದಲ ಬುಟ್ಟಿಗಳನ್ನು ಹೇರಿದವನು ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹಿಡಿಯುತ್ತಾನೆ. ಮೀನು ಇಳಿಸಿ ಬಂದರೆ ಅವನ ದಿನ ಮುಗಿಯಿತು. ಎರಡನೆಯ ಪಾಳಿಯವನಿಗೆ ರೈಲು ಸಿಕ್ಕುವುದಿಲ್ಲ. ಅವನು ಶಹಾಪುರಕ್ಕೋ ಸುರಪುರಕ್ಕೋ ಹೋಗಿ, ಬಿಸಿಲಿನಲ್ಲಿ ತಕ್ಕಡಿ ಹಿಡಿದು, ಬರ್ಫ ಕರಗುವುದರೊಳಗೆ ಮಾರಬೇಕು. ಹುಲಗಪ್ಪನಿಗೆ ಎರಡನೆಯ ಪಾಳಿ ಇದ್ದ ವರ್ಷಗಳಲ್ಲಿ ಶಹಾಪುರದ ಬಜಾರಿನಲ್ಲಿ ಗೋಣಿಚೀಲ ಹಾಸಿ ಕೂತವಳು ಮೋನಮ್ಮ. ಬಗ್ಗಿ ಬಗ್ಗಿ ಮೀನು ಕೊಯ್ದು ಅವಳ ಸೊಂಟ ಹಿಡಿದುಕೊಂಡಿತು. ಕೈಗೆ ಹತ್ತಿದ ನಾತ ಹೋಗಲಿಲ್ಲವೆಂದು ಸೋದರಸೊಸೆಯ ಉಡಿ ತುಂಬುವುದಕ್ಕೂ ಹಿಂದೆ ಸರಿದು ನಿಂತಿದ್ದಳು. ಮೊದಲ ಪಾಳಿ ಸಿಕ್ಕಿದ ದಿನ ಹುಲಗಪ್ಪ ಅವಳಿಗೆ ಮಾತು ಕೊಟ್ಟಿದ್ದ: "ಇನ್ನ ನೀ ಸಂತ್ಯಾಗ ಕುಂದ್ರಂಗಿಲ್ಲ."

ಆ ಪಾಳಿ ಯಾರಿಗೆ ಅನ್ನುವುದಕ್ಕೆ ಕಟ್ಟೆಯಲ್ಲಿ ಒಂದು ಪದ್ಧತಿ ಇತ್ತು. ಹಿಂದೆ ಇದೇ ಪಾಳಿಗಾಗಿ ಡ್ರೈವರುಗಳು ಜಾಕಿನ ರಾಡು ಹಿಡಿದು ಹೊಡೆದಾಡಿ ಒಬ್ಬನ ತಲೆ ಒಡೆದಿತ್ತು. ಆಗ ಮೀನು ತೂಗುವ ಮಲ್ಲಣ್ಣ ಎಲ್ಲರನ್ನೂ ಹೊಳೆಯಲ್ಲಿ ಮೊಣಕಾಲುಮಟ ನಿಲ್ಲಿಸಿ, ಬೊಗಸೆಯಲ್ಲಿ ನೀರು ಹಿಡಿಸಿ, ಗಂಗವ್ವನ ಆಣೆ ಮಾಡಿಸಿದ. ಬೇಸಿಗೆಯಲ್ಲಿ ಕಾಲುವೆಯ ನೀರು ಬಂದ್ ಆದ ವಾರ ದಂಡೆಯ ರಸ್ತೆಯ ಮೇಲೆ ಓಟ; ಒಂದು ತೂಬಿನಿಂದ ಮುಂದಿನ ತೂಬಿನ ತನಕ ನೇರ ಹಾದಿ. ರೈಲು ಹಿಡಿಯಬೇಕಾದ ಗಾಡಿ ಎಲ್ಲಕ್ಕಿಂತ ಚುರುಕಾಗಿರಬೇಕು. ಗೆದ್ದವನಿಗೆ ವರ್ಷವಿಡೀ ಮೊದಲ ಪಾಳಿ. ಅದರ ಮೇಲೆ ಯಾರೂ ಚಕಾರ ಎತ್ತುವಂತಿಲ್ಲ.

ಕೆಲವು ವರ್ಷಗಳಿಂದ ಹುಲಗಪ್ಪನೇ ಗೆಲ್ಲುತ್ತ ಬಂದಿದ್ದ. ಈ ವರ್ಷ ಯಂಕಣ್ಣ ಎಂಬ ಹುಡುಗುಪ್ರಾಯದ ಡ್ರೈವರು ಹೊಸ ಪಿಕಪ್ ತಂದ. ಶೋರೂಮಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಸೀಟಿನಿಂದ ತೆಗೆದಿರಲಿಲ್ಲ.

"ಕಾಕಾ, ನಿನ್ನ ಗಾಡಿ ದಂಡಿ ಮುಟ್ಟೂದರಾಗ ನಾ ಚಾ ಕುಡಿದು, ಗ್ಲಾಸ್ ತೊಳದು ಇಟ್ಟಿರ್ತೀನಿ ನೋಡು," ಅಂದ.

ಕಟ್ಟೆಯೆಲ್ಲ ನಕ್ಕಿತು. ಹುಲಗಪ್ಪನೂ ನಕ್ಕ. ಆದರೆ ಮರುದಿನವೇ ಗಾಡಿಯನ್ನು ಗ್ಯಾರೇಜಿಗೆ ಒಯ್ದ.

ಭೀಮರಾಯನಗುಡಿಯ ಕ್ಯಾಂಪಿನ ಹತ್ತಿರ ಬಾಷುಮಿಯಾನ ಗ್ಯಾರೇಜು. ಟಿಪ್ಪರಿನ ಕಾಲದಿಂದ ಇಬ್ಬರಿಗೂ ಸ್ನೇಹ. ಬಾಷುಮಿಯಾ ಬಾನೆಟ್ಟು ಎತ್ತಿ ಟಾರ್ಚು ಹಾಕಿದ. ಗಾಳಿ ಫಿಲ್ಟರಿನಲ್ಲಿ ಎರೆಮಣ್ಣಿನ ಧೂಳು, ಹತ್ತಿಯ ಎಳೆ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಟರ್ಬೋದಿಂದ ಬರುವ ರಬ್ಬರಿನ ಪೈಪು ಸೀಳಿತ್ತು. ಒತ್ತಡದ ಗಾಳಿಯೆಲ್ಲ ಅಲ್ಲಿಯೇ ಸಿಳ್ಳೆ ಹಾಕಿಕೊಂಡು ಹೊರಗೆ ಹೋಗುತ್ತಿತ್ತು.

"ಏನ್ ಹುಲಗಪ್ಪಣ್ಣ, ಇದು ಗಾಡಿಯೋ, ದಮ್ಮಿನ ಪೇಶೆಂಟೋ?"

"ನಿನ್ನ ಹಂಗs ಅದ. ಬೀಡಿ ಸೇದಿ ಸೇದಿ."

ಬಾಷುಮಿಯಾ ಪೈಪು ಬದಲಿಸಿದ, ಫಿಲ್ಟರು ಬದಲಿಸಿದ, ಕ್ಲಚ್ ಬಿಗಿ ಮಾಡಿದ. ಒಂದು ಉಪಾಯವನ್ನೂ ಹೇಳಿಕೊಟ್ಟ. "ಫಸ್ಟ್ ಗೇರು ಅದ ಅಲ್ಲ, ಅದು ಘಾಟ ಹತ್ತಾಕ. ಹಾಕೂದರಾಗ ಮುಗೀತದ. ಸೆಕೆಂಡ್‌ನ್ಯಾಗ ಎತ್ತು. ಒಂದು ಗೇರು ಬದಲಸೂದು ಉಳೀತದ, ಅಷ್ಟು ಟೈಮು ನಿಂದು."

ಕಾಲುವೆಯ ದಂಡೆಯ ಮೇಲೆ ಪರೀಕ್ಷೆ ಶುರುವಾಯಿತು. ಬಾಷುಮಿಯಾ ಮುಂದಿನ ತೂಬಿನ ಹತ್ತಿರ ಫೋನು ಹಿಡಿದು ನಿಲ್ಲುತ್ತಿದ್ದ. ಹುಲಗಪ್ಪ ಲೈಟು ಮಿಂಚಿಸಿ ಕ್ಲಚ್ ಬಿಟ್ಟಾಗ ಗುಂಡಿ ಒತ್ತುತ್ತಿದ್ದ. ಹೋದ ವರ್ಷ ಗೆದ್ದಾಗ ಇಪ್ಪತ್ತಮೂರು ಸೆಕೆಂಡು ಬಿದ್ದಿತ್ತು. ಇಷ್ಟೆಲ್ಲ ಮಾಡಿಸಿದ ಮೇಲೂ ಇಪ್ಪತ್ತಮೂರೇ ಬಿತ್ತು. ಯಂಕಣ್ಣನದೂ ಅಷ್ಟೇ ಎಂದು ಸುದ್ದಿ ಇತ್ತು, ಅದೂ ಏನೂ ಕೈ ಹಚ್ಚದೆ.

ಹುಲಗಪ್ಪ ಹೊಳೆಯ ಮಗ. ಅವನಿಗೆ ತಿಳಿದದ್ದು ಒಂದೇ: ದೋಣಿ ಹಗುರಾದಷ್ಟೂ ಬೇಗ ಹೋಗುತ್ತದೆ. ಸ್ಟೆಪ್ನಿ ಬಿಚ್ಚಿದ. ಹಿಂದಿನ ಬಾಗಿಲು ಬಿಚ್ಚಿದ. ಹೊದಿಕೆಯ ತಾಡಪತ್ರಿ ಕಟ್ಟುವ ಕಬ್ಬಿಣದ ಕಮಾನುಗಳನ್ನು, ಪಕ್ಕದ ಸೀಟನ್ನು, ಜಾಕನ್ನು, ಕೊನೆಗೆ ನೀರಿನ ಕ್ಯಾನನ್ನು ಕೂಡ ಇಳಿಸಿದ. ಅಂಗಳದಲ್ಲಿ ಸಾಮಾನು ರಾಶಿ ಬಿತ್ತು. ಗಾಡಿ ಬೋಳಿಸಿದ ಕುರಿಯಂತೆ ಕಂಡಿತು.

ಓಡಿಸಿದಾಗ ಇಪ್ಪತ್ತನಾಲ್ಕು. ಇನ್ನೊಮ್ಮೆ ಓಡಿಸಿದ, ಇಪ್ಪತ್ತನಾಲ್ಕಕ್ಕಿಂತ ಹೆಚ್ಚು. ಕ್ಲಚ್ ಬಿಟ್ಟ ಕೂಡಲೇ ಹಿಂದಿನ ಗಾಲಿಗಳು ಗರಗರ ತಿರುಗಿ ಜಲ್ಲಿ ತೂರುತ್ತಿದ್ದವು. ಗಾಡಿ ಹಿಂಬದಿ ಕುಣಿಸುತ್ತ ಕಾಲುವೆಯ ಕಡೆಗೆ ಸರಿಯುತ್ತಿತ್ತು. ಒಮ್ಮೆಯಂತೂ ದಂಡೆಯ ಅಂಚಿಗೆ ಗೇಣು ಉಳಿದಿತ್ತು. ಬಾಷುಮಿಯಾ ಓಡಿ ಬಂದು ಚಾವಿ ಕಿತ್ತುಕೊಂಡ.

ಓಟಕ್ಕೆ ನಾಲ್ಕು ದಿನ ಉಳಿದಿತ್ತು.

ಮನೆಗೆ ಬಂದವನು ಬಾಗಿಲ ಕಟ್ಟೆಯ ಮೇಲೆ ಕೂತ. ಮೋನಮ್ಮ ಅಂಗಳದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಗಾಡಿಯ ಹಿಂಭಾಗಕ್ಕೆ ಮೆತ್ತಿದ ಕೆಂಧೂಳು ನೋಡಿದಳು, ಗಂಡನ ಮುಖ ನೋಡಿದಳು.

"ಏನಾತ್ರಿ?"

"ಹಗುರ ಮಾಡಿದಷ್ಟೂ ಹಿಂದ ಬೀಳಾಕತ್ತದ. ನಿಂತಲ್ಲೇ ಗಾಲಿ ತಿರಗ್ತಾವ. ಮುಂದಕ್ಕ ಹೋಗವಲ್ದು."

ಮೋನಮ್ಮ ಪಂಚೆಯನ್ನು ಹಿಂಡಿದಳು. "ನಾ ಬುಟ್ಟಿ ತುಂಬ್ಕೊಂಡು ಹಿಂದ ಕುಂತು ಬರ್ತಿದ್ದೆ ಅಲ್ಲ, ಆವಾಗ ಒಂದ್ ದಿನಾನೂ ಹಂಗ ಕುಣದಿಲ್ಲ ಅದು."

"ಆವಾಗ ಲೋಡ್ ಇರ್ತಿತ್ತು."

"ಅದಕ್ಕs ಅಂದೆ. ಮಾವ ಖಾಲಿ ಹರಗೋಲು ಒಯ್ಯೂ ಮುಂದ ಏನ್ ಮಾಡ್ತಿದ್ದ? ಖಾಲಿ ಇದ್ರ ಬುಗುರಿ ಹಂಗ ತಿರಗ್ತದ ಅಂತ ಅದರಾಗ ಕಲ್ಲು ಇಡ್ತಿದ್ದಿಲ್ಲೇನು?" ಎಂದು ಕೈಯಲ್ಲಿದ್ದ ಪಂಚೆಯನ್ನು ಕಲ್ಲಿಗೆ ಅಪ್ಪಳಿಸಿದಳು. "ಇದs ಕಲ್ಲು."

ಹುಲಗಪ್ಪ ಎದ್ದು ನಿಂತ. ಹರಗೋಲು ಹೋದ ಮೇಲೆ ಅಪ್ಪ ಆ ಕಲ್ಲನ್ನು ಹೊಳೆಯಲ್ಲಿ ಬಿಡಲಾರದೆ ಮನೆಗೆ ಹೊತ್ತು ತಂದಿದ್ದ. ಇಷ್ಟು ವರ್ಷ ಅದರ ಮೇಲೆ ಅವನದೇ ಅಂಗಿಗಳು ಒಗೆತ ತಿಂದಿದ್ದವು. ಹಗುರಾದ ದೋಣಿ ಬೇಗ ಹೋಗುತ್ತದೆ ಅನ್ನುವುದು ಅವನಿಗೆ ನೆನಪಿತ್ತು. ತೀರ ಖಾಲಿಯಾದದ್ದು ನಿಂತಲ್ಲೇ ಸುತ್ತುತ್ತದೆ ಅನ್ನುವುದು ಮರೆತುಹೋಗಿತ್ತು.

"ಬಟ್ಟಿ ತಗಿ," ಅಂದ.

"ಇನ್ನೂ ಎರಡು ಸೀರಿ ಅದಾವ."

"ತಗಿ ಅಂದ್ರ!"

ಕಲ್ಲು ಗಾಡಿ ಏರಿತು, ನೇರ ಹಿಂದಿನ ಗಾಲಿಗಳ ಮೇಲಕ್ಕೆ. ಕಲ್ಲೊಂದೇ ಸಾಲಲಿಲ್ಲ. ಒಣಗಿದ ಕಾಲುವೆಯ ತಳದ ಉಸುಕನ್ನು ಗೋಣಿಚೀಲಗಳಲ್ಲಿ ತುಂಬಿ ಅದರ ಸುತ್ತ ಒಟ್ಟಿದರು. ಒಂದು ಚೀಲ ಹೆಚ್ಚು ಮಾಡಿ ಓಡಿಸುವುದು, ಒಂದು ಇಳಿಸಿ ಓಡಿಸುವುದು. ಹೆಚ್ಚಾದರೆ ಗಾಡಿ ಭಾರಕ್ಕೆ ಮುಲುಗುತ್ತಿತ್ತು, ಕಡಿಮೆಯಾದರೆ ಕುಣಿಯುತ್ತಿತ್ತು. ಬಾಷುಮಿಯಾ ಹಿಂದಿನ ಗಾಲಿಗಳ ಗಾಳಿಯನ್ನೂ ಸ್ವಲ್ಪ ಇಳಿಸಿದ, ನೆಲಕ್ಕೆ ಅಗಲವಾಗಿ ಕೂರಲಿ ಎಂದು. ಮೂರನೆಯ ದಿನದ ಸಂಜೆ ಹುಲಗಪ್ಪ ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಒಂದು ಹರಳೂ ಹಾರಲಿಲ್ಲ. ಗಾಲಿ ನೆಲ ಕಚ್ಚಿತು. ಬೆನ್ನು ಸೀಟಿಗೆ ಅಂಟಿತು.

ಬಾಷುಮಿಯಾ ಫೋನು ಎತ್ತಿ ತೋರಿಸಿದ. ಇಪ್ಪತ್ತೆರಡಕ್ಕೂ ಒಳಗೆ.

"ಯಾರಿಗೂ ಹೇಳಬ್ಯಾಡ," ಅಂದ ಬಾಷುಮಿಯಾ. "ನಿನ್ನ ಬಾಯಿ ಸುದ್ದಿ ನಂಗ ಗೊತ್ತದ. ಓಟ ಮುಗಿಯೂ ತನಕ ಹೊಲಕೊಂಡು ಕುಂದ್ರು."

ಓಟದ ದಿನ ಹೊತ್ತು ಏರುವ ಮೊದಲೇ ದಂಡೆಯ ಮೇಲೆ ಜನ ಸೇರಿದರು. ಬಲೆ ಹಾಕುವವರು, ಬುಟ್ಟಿ ಹೊರುವವರು, ಹೊಳೆದಂಡೆಯ ಓಣಿಗಳ ಹೆಂಗಸರು. ಮಲ್ಲಣ್ಣ ಮುಂದಿನ ತೂಬಿನ ಹತ್ತಿರ ಸುಣ್ಣದ ಗೆರೆ ಎಳೆದು ನಿಂತ. ದಂಡೆಯ ರಸ್ತೆ ಎರಡು ಗಾಡಿ ಮೈಗೆ ಮೈ ತಾಗದೆ ಹೋಗುವಷ್ಟೇ ಅಗಲ. ಕಾಲುವೆಯ ಬದಿ ಗಟ್ಟಿ ನೆಲ, ಹೊಲದ ಬದಿ ಸಡಿಲು ಜಲ್ಲಿ. ಅದಕ್ಕೆ ಎರಡು ಓಟ, ಬದಿ ಬದಲಿಸಿ. ಒಂದೊಂದು ಗೆದ್ದರೆ ಮೂರನೆಯದು, ಚೀಟಿ ಎತ್ತಿ ಬದಿ. ಮೊದಲಿಗೆ ಇಬ್ಬರೂ ಮೋನಮ್ಮ ತಂಬಿಗೆಯಲ್ಲಿ ತಂದ ಹೊಳೆಯ ನೀರು ಮುಟ್ಟಿ ಹಳೆಯ ಆಣೆಯನ್ನೇ ಮತ್ತೆ ಹೇಳಿದರು. ಹುಲಗಪ್ಪ ತನ್ನ ಗಾಲಿಗೆ ನೀರು ಚಿಮುಕಿಸಿದ.

ಯಂಕಣ್ಣ ಇವನ ಗಾಡಿಯೊಳಗೆ ಇಣುಕಿದ. "ಕಾಕಾ, ಉಸುಕು, ಕಲ್ಲು ಎಲ್ಲಾ ಹೇರಿ! ಮನಿ ಕಟ್ಸಾಕತ್ತೀಯೇನು? ಸಿಮೆಂಟ್ ಒಂದು ಮರತೀ ನೋಡು."

ಹುಲಗಪ್ಪ ಹತ್ತಿ ಕೂತು ಚಾವಿ ತಿರುವಿದ. ಬಾಷುಮಿಯಾ ಕೆಂಪು ಟವೆಲ್ಲು ಎತ್ತಿದ, ಇಳಿಸಿದ.

ಹೊಲದ ಬದಿಯ ಸಡಿಲು ನೆಲವೇ ಹುಲಗಪ್ಪನ ಪಾಲಿಗೆ ಬಂದಿತ್ತು. ಆದರೂ ಗಾಡಿ ಬಾಣದಂತೆ ಹೊರಟಿತು. ಪಕ್ಕದಲ್ಲಿ ಯಂಕಣ್ಣನ ಗಾಲಿಗಳು ಗಟ್ಟಿ ನೆಲದ ಮೇಲೂ ಸುತ್ತಿದವು, ಜಲ್ಲಿ ತೂರಿದವು, ಗಾಡಿ ಅಡ್ಡಡ್ಡ ಕುಣಿಯಿತು. ಸುಣ್ಣದ ಗೆರೆಯನ್ನು ಹುಲಗಪ್ಪ ದಾಟಿದಾಗ ಕನ್ನಡಿಯಲ್ಲಿ ಧೂಳೊಂದೇ ಕಾಣುತ್ತಿತ್ತು.

ಇಳಿದು ನಿಂತ ಯಂಕಣ್ಣನ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. "ಇದು ನಡ್ಯಂಗಿಲ್ಲ! ಗಾಡಿ ಖಾಲಿ ಇರ್ಬೇಕು."

"ಆಣಿ ಮಾಡೂ ಮುಂದ ಖಾಲಿ ಅಂತ ಯಾರೂ ಅಂದಿಲ್ಲ ತಮ್ಮಾ," ಅಂದ ಮಲ್ಲಣ್ಣ. "ಭಾರ ಹೊತ್ತು ಓಡ್ತೀನಿ ಅಂದವನ್ನ ಯಾರು ಬ್ಯಾಡ ಅಂತಾರ?"

ಮಾತು ಅಲ್ಲಿಗೇ ಮುಗಿಯಬೇಕಾಗಿತ್ತು. ಇನ್ನೊಂದು ಓಟ ಹೀಗೆಯೇ ಆದರೆ ಪಾಳಿ ಕೈಯಲ್ಲಿ. ಹುಲಗಪ್ಪ ಗಾಡಿಯ ಕಡೆ ತಿರುಗಿದ. ಬೆನ್ನ ಹಿಂದೆ ಯಂಕಣ್ಣ ಜನರಿಗೆ ಕೇಳುವಂತೆ ಅಂದ: "ಕಲ್ಲಿಗೆ ಏನೋ ಮಾಡ್ಸ್ಯಾನ. ಮಂತ್ರಿಸಿದ ಕಲ್ಲು ಅದು. ಇವರಪ್ಪನೂ ಹಿಂಗs ಅಂತ, ನಡುವಿನ ಹೊಳ್ಯಾಗ ಹರಗೋಲು ನಿಂದ್ರಿಸಿ ಮಂದೀನ ಹೆದರಸ್ತಿದ್ದ ಅಂತ."

ಹುಲಗಪ್ಪ ಗಿರ್ರನೆ ಹಿಂದಕ್ಕೆ ತಿರುಗಿದ. ಅಪ್ಪ ತುಂಬಿದ ಹೊಳೆಯಲ್ಲಿ ಬಾಣಂತಿಯರನ್ನು ದಾಟಿಸಿದವನು; ಒಬ್ಬರನ್ನೂ ನೀರಿಗೆ ಕೊಟ್ಟವನಲ್ಲ. ಆಗಲೇ ಓಡಿ ಬಂದಿದ್ದ ಬಾಷುಮಿಯಾ "ಭಾಯ್, ಸುಮ್ನಿರು" ಎಂದು ತೋಳು ಹಿಡಿದ. ಹುಲಗಪ್ಪ ಕೊಸರಿಕೊಂಡ.

"ಮಂತ್ರ ಅಲ್ಲಲೇ ಅದು, ಭಾರ! ಖಾಲಿ ಗಾಡಿ ಗಾಲಿ ನೆಲ ಹಿಡಿಯಂಗಿಲ್ಲ. ಹಿಂದಿನ ಅಚ್ಚಿನ ಮ್ಯಾಲ ಭಾರ ಬೀಳಬೇಕು, ಹಿಂದಿನ ಗಾಳಿ ಇಳಸಬೇಕು, ಸೆಕೆಂಡ್‌ನ್ಯಾಗ ಎತ್ತಬೇಕು. ನಮ್ಮಪ್ಪ ಕಲಿಸಿದ್ದು ಇದು. ನೀನೂ ಹೇರ್ಕೊ ಹೋಗು! ಉಸುಕೇನು ನಮ್ಮಪ್ಪನ ಮನೀದಲ್ಲ, ಕಾಲುವ್ಯಾಗ ಬಿದ್ದದ. ಹೇರ್ಕೊಂಡು ಬಾ, ನೋಡೋಣ!"

ಬಾಷುಮಿಯಾ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಹೆಂಗಸರ ಗುಂಪಿನಲ್ಲಿದ್ದ ಮೋನಮ್ಮ ತಂಬಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು, ಅಷ್ಟೇ.

ಯಂಕಣ್ಣ ಹಟಮಾರಿ, ಆದರೆ ದಡ್ಡನಲ್ಲ. ಗೆಳೆಯರನ್ನು ಕಾಲುವೆಗೆ ಇಳಿಸಿ ಉಸುಕು ತುಂಬಿಸಿದ. ಹುಲಗಪ್ಪನ ಗಾಡಿಯ ಚೀಲಗಳನ್ನು ಕಣ್ಣಲ್ಲೇ ಎಣಿಸಿ, ಕಲ್ಲಿನ ಬದಲಿಗೆ ಇನ್ನಷ್ಟು ಹಾಕಿಸಿದ. ಗಾಲಿಯ ಗಾಳಿ ಇಳಿಸಿದ. ಬಿಸಿಲು ಏರತೊಡಗಿತ್ತು. ಆ ಹೊತ್ತೆಲ್ಲ ಹುಲಗಪ್ಪ ಸ್ಟೇರಿಂಗಿನ ಹಿಂದೆ ಕೂತು, ಆಡಿದ ಮಾತನ್ನು ನುಂಗುವುದಕ್ಕೆ ಬಂದಿದ್ದರೆ ಎಂದುಕೊಳ್ಳುತ್ತಿದ್ದ.

ಎರಡನೆಯ ಓಟದಲ್ಲಿ ಕಾಲುವೆಯ ಬದಿ ಹುಲಗಪ್ಪನಿಗೆ. ಇಬ್ಬರ ಗಾಲಿಗಳೂ ನೆಲ ಕಚ್ಚಿದವು. ಅರ್ಧ ಹಾದಿಯ ತನಕ ಎರಡೂ ಬಾನೆಟ್ಟು ಒಂದೇ ಸಾಲಿನಲ್ಲಿದ್ದವು. ಆಮೇಲೆ ಹೊಸ ಎಂಜಿನ್ನಿನ ಉಸಿರು ಹೆಚ್ಚಾಯಿತು. ಯಂಕಣ್ಣನ ಕಿಟಕಿ ಇವನ ಕಿಟಕಿಯನ್ನು ದಾಟಿತು, ಹಿಂದಿನ ಗಾಲಿಯೂ ದಾಟಿತು. ಒಂದು ಗಾಡಿಯುದ್ದ ಅಂತರದಲ್ಲಿ ಯಂಕಣ್ಣ ಗೆದ್ದ.

ಮೂರನೆಯದಕ್ಕೆ ಚೀಟಿ ಎತ್ತಿದರು. ಗಟ್ಟಿ ನೆಲ ಹುಲಗಪ್ಪನಿಗೇ ಬಂತು. ಬಾಷುಮಿಯಾ ಕಿಟಕಿಗೆ ಬಗ್ಗಿ, "ಎರಡು ಚೀಲ ಇಳಸೋಣು. ಗಟ್ಟಿ ನೆಲ ಅದ, ತಡೀತದ" ಅಂದ. ಇಳಿಸಿದರು. ಯಂಕಣ್ಣ ಹಾರ್ನು ಬಾರಿಸಿ ಅವಸರ ಮಾಡಿದ. ಹುಲಗಪ್ಪ ಕೆಳಗಿಳಿದು ಮೋನಮ್ಮನ ಕೈಯಿಂದ ತಂಬಿಗೆ ತೆಗೆದುಕೊಂಡು ಗಾಲಿಗೆ ನೀರು ಚಿಮುಕಿಸಿದ. ಬಿಸಿ ಗಾಲಿಯ ಮೇಲೆ ನೀರು ಕಣ್ಣೆದುರಿಗೇ ಆರಿಹೋಯಿತು. ಕಾಯುವುದಕ್ಕೆ ನೆಪವೂ ಉಳಿಯಲಿಲ್ಲ.

ಟವೆಲ್ಲು ಇಳಿಯಿತು.

ಇಂಥ ನೆಗೆತ ಆ ಗಾಡಿ ಎಂದೂ ಕಂಡಿರಲಿಲ್ಲ. ಮೊದಲಿಗೆ ಹುಲಗಪ್ಪನೇ ಮುಂದೆ, ಅರ್ಧ ಬಾನೆಟ್ಟು. ಮೂರನೆಯ ಗೇರು ಬೆಣ್ಣೆಯಂತೆ ಬಿತ್ತು. ಬೆನ್ನ ಹಿಂದೆ ಅಪ್ಪನ ಕಲ್ಲು ಕದಲದೆ ಕೂತಿರುವುದು ಅವನಿಗೆ ಸೊಂಟದಲ್ಲಿ ತಿಳಿಯುತ್ತಿತ್ತು. ಎಡಕ್ಕೆ ಒಣ ಕಾಲುವೆಯ ಆಳ, ಬಲಕ್ಕೆ ಯಂಕಣ್ಣನ ಕನ್ನಡಿ, ಎರಡರ ನಡುವೆ ಒಂದೊಂದು ಮೊಳ. ನಾಲ್ಕನೆಯ ಗೇರು. ಎಂಜಿನ್ ಇದ್ದದ್ದನ್ನೆಲ್ಲ ಕೊಟ್ಟಿತು. ಇನ್ನು ಕೊಡುವುದಕ್ಕೆ ಅದರ ಹತ್ತಿರ ಏನೂ ಇರಲಿಲ್ಲ. ಬಲಗಡೆಯ ಕನ್ನಡಿ ಮೆಲ್ಲಗೆ ಮುಂದೆ ಸರಿಯಿತು. ಒಂದು ಗೇಣು, ಇನ್ನೊಂದು ಗೇಣು. ಸುಣ್ಣದ ಗೆರೆ ಎರಡೂ ಗಾಡಿಗಳ ಕೆಳಗೆ ಒಟ್ಟಿಗೇ ಹಾದಂತೆ ಕಂಡಿತು.

ಒಟ್ಟಿಗೆ ಅಲ್ಲವೆಂದು ಹುಲಗಪ್ಪನಿಗೆ ಗೊತ್ತಿತ್ತು.

ಮಲ್ಲಣ್ಣ ಬಲಗೈ ಎತ್ತಿದ. "ಯಂಕಣ್ಣನ ಗಾಡಿ. ಒಂದು ಮೊಳ."

ಯಂಕಣ್ಣನ ಗೆಳೆಯರು ಕೇಕೆ ಹಾಕಿದರು. ಅವನನ್ನು ಹೆಗಲ ಮೇಲೆ ಹೊತ್ತು ಕಟ್ಟೆಯ ಕಡೆ ನಡೆದರು. ಬಾಷುಮಿಯಾ ಓಡಿ ಬಂದು, ಟವೆಲ್ಲು ಇಳಿಸುತ್ತಲೇ ಗುಂಡಿ ಒತ್ತಿದ್ದ ಫೋನು ತೋರಿಸಿದ. ಹುಲಗಪ್ಪನ ಗಾಡಿ ಹುಟ್ಟಿದಾಗಿನಿಂದ ಅಷ್ಟು ಕಡಿಮೆ ಟೈಮು ಬಿದ್ದಿರಲಿಲ್ಲ. "ನೋಡು ಭಾಯ್, ಇಪ್ಪತ್ತೊಂದೂವರಿ! ನೋಡಿಲ್ಲಿ!" ಅನ್ನುತ್ತಲೇ ಅವನ ದನಿ ಕೆಳಗಿಳಿಯಿತು. ಹುಲಗಪ್ಪ ಫೋನು ನೋಡಿದ, ತಲೆಯಾಡಿಸಿದ, ಹಿಂದಕ್ಕೆ ಕೊಟ್ಟ.

ಜನ ಚದುರಿದ ಮೇಲೆ ಮಲ್ಲಣ್ಣ ನಿಧಾನವಾಗಿ ಬಂದು ಗಾಡಿಗೆ ಆತುಕೊಂಡು ನಿಂತ. ಅವನೂ ಹೊಳೆಯವನೇ. ಹುಲಗಪ್ಪನ ಅಪ್ಪನ ಹರಗೋಲಿನಲ್ಲಿ ಅವನ ಮದುವೆಯ ದಿಬ್ಬಣ ದಾಟಿತ್ತು.

"ಹುಲಗಪ್ಪ, ಒಂದ್ ಮಾತು," ಅಂದ. "ಧೂಳು ಭಾಳ ಇತ್ತು. ನನಗೂ ವಯಸ್ಸಾಗ್ಯಾದ. ಗೆರಿ ಸರಿಯಾಗಿ ಕಾಣಲಿಲ್ಲ ಅಂತೀನಿ. ಮೊದಲನೇ ಓಟ ನೀ ಗೆದ್ದದ್ದು ಎಲ್ಲಾರೂ ನೋಡ್ಯಾರ. ಮೂರನೇದ್ದು ಬರೋಬ್ಬರಿ ಸಮ ಆತು, ಹಳೇ ಪಾಳಿ ಹಂಗs ಮುಂದುವರೀಲಿ ಅಂದ್ರ ಆತು. ನನ್ನ ಮಾತು ಯಾರು ತಗದ್ ಹಾಕ್ತಾರ? ಆ ಹುಡುಗ ಇನ್ನೂ ಸಣ್ಣಾಂವ, ಬರೂ ವರ್ಷ ತಗೊಂತಾನ."

ಹುಲಗಪ್ಪನ ಕಣ್ಣ ಮುಂದೆ ಯಾದಗಿರಿಯ ಪ್ಲಾಟ್‌ಫಾರಂ ಕಂಡಿತು, ಶಹಾಪುರದ ಬಜಾರಿನಲ್ಲಿ ಹಾಸಿದ ಗೋಣಿಚೀಲವೂ ಕಂಡಿತು. ಮೋನಮ್ಮನ ಕಡೆ ನೋಡಿದ. ಅವಳು ಹ್ಞೂಂ ಅಂದರೆ ಸಾಕಿತ್ತು. ಕೊಟ್ಟ ಮಾತು ಉಳಿಸಿಕೊಳ್ಳುವುದಕ್ಕೆ ಒಪ್ಪಿದೆ ಅಂದುಕೊಳ್ಳಬಹುದಾಗಿತ್ತು.

ಮೋನಮ್ಮ ತಂಬಿಗೆಯಲ್ಲಿ ಉಳಿದ ನೀರನ್ನೇ ನೋಡುತ್ತ ನಿಂತಿದ್ದಳು. ತಲೆ ಎತ್ತಿದಳು.

"ನನ್ನ ಮಾರಿ ಯಾಕ ನೋಡ್ತೀರಿ?" ಅಂದಳು. "ನೀರು ಮುಟ್ಟಿದವರು ನೀವು. ಬಾಯಿ ಸಡಲ ಬಿಟ್ಟವರೂ ನೀವು."

ಆಮೇಲೆ ಬೇರೆ ದನಿಯಲ್ಲಿ, "ನನ್ನ ಸೊಂಟ ಏನ್ ಸಂತಿಗೆ ಹೊಸಾದಲ್ಲ" ಅಂದಳು.

ಹುಲಗಪ್ಪ ಗಾಡಿಯ ಹಿಂದಕ್ಕೆ ಹೋಗಿ ಕಲ್ಲಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಒರೆಸಿ ಮುಗಿದ ಮೇಲೂ ಕೈ ಅಲ್ಲೇ ಇತ್ತು.

"ಬ್ಯಾಡ್ರಿ ಮಲ್ಲಣ್ಣ," ಅಂದ. "ನಿಮಗ ಕಂಡದ್ದು ಕಂಡಂಗs ಇರ್ಲಿ. ನಾಳಿಂದ ಎರಡನೇ ಪಾಳಿ ನಂದು, ಶಹಾಪುರ ಕಡೆ ನನ್ನ ಹೆಸರಿಗೆ ಬುಟ್ಟಿ ಬರೀರಿ."

ಮಲ್ಲಣ್ಣ ಇನ್ನೊಮ್ಮೆ ಬಾಯಿ ತೆರೆದ. ಹುಲಗಪ್ಪ ತಲೆ ಅಲ್ಲಾಡಿಸಿದ. "ಬ್ಯಾಡ ಅಂದ್ನೆಲ್ರಿ."